ತಾಳೆಯಾಗದೆ ಉಳಿದಿದ್ದ ಆ ಒಂದು

ಹಳೆಯ ಬೇಸ್‌ಬಾಲ್ ಪಂದ್ಯಗಳ ಸ್ಕೋರ್ ಹಾಳೆಯನ್ನು ಕೈಯಲ್ಲೇ ಮತ್ತೆ ಬರೆಯೋದು ನನ್ನ ಹುಚ್ಚು. ಅದರಲ್ಲಿ ಮೂರು ವಾರದಿಂದ ಕಾಡುತ್ತಿದ್ದ ಲೆಕ್ಕ ನಿನ್ನೆ ರಾತ್ರಿ ತಾಳೆಯಾಯಿತು! 1959ರ ಮೇ 26, ಮಿಲ್ವಾಕೀ ಕೌಂಟಿ ಸ್ಟೇಡಿಯಂ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚರ್ (ಚೆಂಡು ಎಸೆಯುವವ) ಹಾರ್ವಿ ಹ್ಯಾಡಿಕ್ಸ್, ಮಿಲ್ವಾಕೀ ಬ್ರೇವ್ಸ್ ತಂಡದ 36 ಜನರನ್ನು ಸತತವಾಗಿ ಔಟ್ ಮಾಡಿ, ಆಮೇಲೆ ಸೋತ ಪಂದ್ಯ.

ತಂಡಕ್ಕೊಂದು ಹಾಳೆ, ಇನ್ನಿಂಗ್ಸ್‌ಗೊಂದು ಕಾಲಂ, ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನಿಗೂ ಒಂದು ಮನೆ. ಪೈರೇಟ್ಸ್ ಹಾಳೆ ಎರಡು ಸಂಜೆಗೆ ಮುಗಿಯಿತು. ಹೊಡೆದು ಬೇಸ್ ತಲುಪಿದ್ದು (ಹಿಟ್) 12 ಸಲ, ಮೂರೂ ಬೇಸ್ ಸುತ್ತಿ ಹೋಮ್‌ಗೆ ಮರಳಿದ್ದು (ರನ್) ಸೊನ್ನೆ. ಬ್ರೇವ್ಸ್‌ನ ಪಿಚರ್ ಲೂ ಬರ್ಡೆಟ್ 13 ಇನ್ನಿಂಗ್ಸ್ ಎಸೆದು ಒಬ್ಬರಿಗೂ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಸಿಗುವ ಮೊದಲ ಬೇಸ್) ಕೊಟ್ಟಿಲ್ಲ. ಸತಾಯಿಸಿದ್ದು ಪೇಪರ್. ದಪ್ಪ ಹಾಳೆ ಅಂತ ಅಂಗಡಿಯವರು ಕೊಟ್ಟಿದ್ದರಲ್ಲಿ ಇಂಕು ಹಿಂದಿನ ಬದಿಗೆ ಇಳಿಯಿತು. 13 ಕಾಲಂ ಬೇಕು ಅಂತ ಎರಡು ಸಲ ಬರೆದುಕೊಟ್ಟರೂ 12 ಮುದ್ರಿಸಿದರು. ಈ ಪಂದ್ಯದ ಜಗಳವೆಲ್ಲ ಇರೋದು 13ರಲ್ಲೇ ಅಲ್ವಾ? ಪಕ್ಕಕ್ಕೆ ಒಂದು ಪಟ್ಟಿ ಅಂಟಿಸಿದೆ.

ಬ್ರೇವ್ಸ್ ಹಾಳೆಯನ್ನು ಒಮ್ಮೆ ನೀವೇ ಬರೆದು ನೋಡಬೇಕು. ಪ್ರತಿ ಕಾಲಂನಲ್ಲಿ ಮೂರೇ ಮನೆ ತುಂಬುತ್ತವೆ. ಮೂರು ಇನ್ನಿಂಗ್ಸ್‌ಗೆ ಒಂಬತ್ತು ಜನ ಮುಗಿದು ಮತ್ತೆ ಮೇಲಿಂದ ಶುರು. ಮೆಟ್ಟಿಲು ಇಳಿದ ಹಾಗೆ, ನಾಲ್ಕು ಸಲ. ಯಾವ ಮನೆಯಲ್ಲೂ ಮೊದಲ ಬೇಸ್‌ಗೆ ಗೆರೆ ಇಲ್ಲ, ಅಂದರೆ ಒಬ್ಬನೂ ಅಲ್ಲಿಗೆ ತಲುಪಿಲ್ಲ. 12ನೇ ಕಾಲಂ ಮುಗಿದಾಗ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ನೋಡುತ್ತ ಕೂತೆ.

ಆಮೇಲೆ 13. ಪೈರೇಟ್ಸ್‌ನ ಡಾನ್ ಹೋಕ್ ಎಸೆದದ್ದು ಗುರಿ ತಪ್ಪಿ ಬ್ರೇವ್ಸ್‌ನ ಮಾಂಟಿಯಾ ಬೇಸ್ ತಲುಪಿದ. ಮ್ಯಾಥ್ಯೂಸ್‌ದು ಸ್ಯಾಕ್ರಿಫೈಸ್ ಬಂಟ್, ತಾನು ಔಟ್ ಆಗಿ ಮಾಂಟಿಯಾನನ್ನು ಎರಡನೇ ಬೇಸ್‌ಗೆ ಕಳಿಸಿದ. ಹ್ಯಾಂಕ್ ಆರನ್‌ಗೆ ಬೇಕಂತಲೇ ವಾಕ್. ಜೋ ಆಡ್‌ಕಾಕ್ ಚೆಂಡನ್ನು ಬೇಲಿ ದಾಟಿಸಿದ, ಹೋಮ್ ರನ್. ಚೆಂಡು ಒಳಗೇ ಬಿತ್ತು, ಮಾಂಟಿಯಾ ಹೋಮ್ ಸೇರಿದರೆ ಆಟ ಮುಗಿದ ಹಾಗೆ ಅಂದುಕೊಂಡ ಆರನ್, ಎರಡನೇ ಬೇಸ್ ಮುಟ್ಟಿ ಡಗೌಟ್ (ತಂಡದವರು ಕೂರುವ ಜಾಗ) ಕಡೆ ನಡೆದ. ಮುಂದಿರುವ ಓಟಗಾರನನ್ನು ದಾಟುವಂತಿಲ್ಲ; ಆಡ್‌ಕಾಕ್ ಆರನ್‌ನನ್ನು ದಾಟಿ ಓಡಿದ, ಹಾಗಾಗಿ ಆಡ್‌ಕಾಕ್ ಔಟ್. ಆ ರಾತ್ರಿ ಸ್ಕೋರ್ 2-0 ಅಂತ ಆಯಿತು. ಮರುದಿನ ನ್ಯಾಷನಲ್ ಲೀಗ್ ಅಧ್ಯಕ್ಷ ವಾರೆನ್ ಜೈಲ್ಸ್ ಅದು ಹೋಮ್ ರನ್ ಅಲ್ಲ, ಡಬಲ್ (ಎರಡು ಬೇಸ್‌ನ ಹೊಡೆತ) ಎಂದು 1-0 ಮಾಡಿದರು.

ಈಗ ತಾಳೆ ನೋಡಿ. ಬ್ಯಾಟ್ ಹಿಡಿದು ಬಂದವರ ಸಂಖ್ಯೆ ಒಂದು ಕಡೆ, ಅವರಿಗೆ ಕೊನೆಗೆ ಏನಾಯಿತು ಅನ್ನೋದು ಆಚೆ ಕಡೆ, ಎರಡೂ ಸಮ ಆಗಬೇಕು. ಅಟ್-ಬ್ಯಾಟ್ (ಸ್ಯಾಕ್ರಿಫೈಸ್, ವಾಕ್ ಬಿಟ್ಟು ಉಳಿದ ಸರದಿ) 38, ಸ್ಯಾಕ್ರಿಫೈಸ್ 1, ವಾಕ್ 1, ಒಟ್ಟು 40. ಆಚೆ ಕಡೆ ರನ್ 1, ಔಟ್ 38. ಬರೀ 39! ನಾಲ್ಕು ಸಲ ಎಣಿಸಿದೆ. ಔಟ್ ಎಲ್ಲೋ ಬಿಟ್ಟಿದ್ದೇನೆ ಅಂತ ಮೆಟ್ಟಿಲುಗಳನ್ನು ಬೆರಳಿಟ್ಟು ಇಳಿದೆ. ಎಲ್ಲ ಸರಿ ಇತ್ತು.

(ಮಧ್ಯದಲ್ಲಿ ಬೇಸರವಾಗಿ ಮುಂದಿನ ಹಾಳೆಗೆ ಗೆರೆ ಹಾಕಿದೆ. ಪಿಚರ್ ಡಾನ್ ಲಾರ್ಸನ್, 1956ರ ಅಕ್ಟೋಬರ್ 8, ವರ್ಲ್ಡ್ ಸೀರೀಸ್‌ (ಆ ವರ್ಷದ ಫೈನಲ್ ಸರಣಿ) ಐದನೇ ಪಂದ್ಯ. 97 ಎಸೆತ, 27 ಜನ, 27 ಔಟ್. ಒಂಬತ್ತೇ ಕಾಲಂ ಸಾಕು, ಪುಣ್ಯ. ಅದರಲ್ಲಿ ಪ್ರತಿ ಎಸೆತಕ್ಕೂ ಚುಕ್ಕಿ ಇಡುವ ಆಸೆ ಇದೆ.)

ನಿನ್ನೆ ಸುಮ್ನೆ, ಹೋಮ್ ರನ್ ಪೂರ್ತಿ ಲೆಕ್ಕಕ್ಕೆ ಬಂದಿದ್ದರೆ ಆಗುತ್ತಿದ್ದ 3-0 ಹಾಕಿ ನೋಡಿದೆ. ರನ್ 3, ಔಟ್ 37, ಸೇರಿದರೆ 40. ಆ ರಾತ್ರಿಯ 2-0 ಹಾಕಿದೆ. ರನ್ 2, ಔಟ್ 38, ಅದೂ 40. ತೀರ್ಪಾದ 1-0 ಮಾತ್ರ ಕೂಡುತ್ತಿಲ್ಲ! ಆಗ ಹೊಳೆಯಿತು. 2-0ಯಲ್ಲಿ ಆರನ್‌ಗೆ ರನ್ ಇತ್ತು. ಜೈಲ್ಸ್ ಆ ರನ್ ತೆಗೆದ ಮೇಲೆ ಆರನ್ ಎಲ್ಲಿಗೆ ಹೋದ? ಔಟ್ ಆಗಿಲ್ಲ, ಹೋಮ್ ಸೇರಿಲ್ಲ. ಡಗೌಟ್ ಕಡೆ ನಡೆದ ಮನುಷ್ಯ ಲೆಕ್ಕದಲ್ಲಿ ಇನ್ನೂ ಬೇಸ್ ಮೇಲೇ ನಿಂತಿದ್ದಾನೆ. ಬೇಸ್‌ನಲ್ಲಿ ಉಳಿದವರು 1. ಅಲ್ಲಿಗೆ 40.

ಮಾಂಟಿಯಾ ಬಂದದ್ದು ಎರರ್‌ನಿಂದ, ಅಂದರೆ ಫೀಲ್ಡರ್ ತಪ್ಪಿನಿಂದ. ಹಾಗಾಗಿ ಹ್ಯಾಡಿಕ್ಸ್ ಸಾಲಿನಲ್ಲಿ ಹನ್ನೆರಡು ಇನ್ನಿಂಗ್ಸ್ ಮೇಲೆ ಎರಡು ಔಟ್, 1 ಹಿಟ್, 1 ರನ್, ಅರ್ನ್ಡ್ ರನ್ (ಪಿಚರ್ ಹೊಣೆಗೆ ಬರುವ ರನ್) ಸೊನ್ನೆ. 1991ರಲ್ಲಿ ನಿಯಮದ ಅರ್ಥ ಬದಲಿಸಿ ಈ ಆಟವನ್ನು ಪರ್ಫೆಕ್ಟ್ ಗೇಮ್ (ಎದುರಾಳಿ ಒಬ್ಬನೂ ಬೇಸ್ ತಲುಪದ ಪಂದ್ಯ) ಪಟ್ಟಿಯಿಂದ ತೆಗೆದರು. ನನಗೆ ಅದು ಒಪ್ಪಿಗೆಯಿಲ್ಲ. ಆ 36 ಮನೆಗಳ ಸುತ್ತ ಕೆಂಪು ಗೆರೆ ಎಳೆದಿದ್ದೇನೆ.

ಉಳಿದಿರೋದು ಆರನ್‌ನ ಮನೆ ಮಾತ್ರ. ಎರಡನೇ ಬೇಸ್‌ವರೆಗೆ ಪೆನ್ಸಿಲ್ ಗೆರೆ ಇದೆ. ಬೇರೆ ಅಂಗಡಿಯಿಂದ ಒಳ್ಳೆ ಹಾಳೆ ಬಂದ ದಿನ ಅದಕ್ಕೆ ಇಂಕು.