ಜಾದೂಗೋಡಾ ಕಡತ ಮತ್ತು ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿ

ಗಣಿ ಮಾಲಿನ್ಯದ ಮೊಕದ್ದಮೆ ಎಂದರೆ ಫೋಟೊ ಎಂದು ನಮ್ಮ ಕಚೇರಿಗೆ ಬರುವ ಕಿರಿಯ ವಕೀಲರು ನಂಬಿರುತ್ತಾರೆ. ಕೆಂಪಾದ ಹಳ್ಳ, ದೂಳು ಕುಳಿತ ಜೋಳ, ಕೆಮ್ಮುವ ಅಜ್ಜಿ. ಫೋಟೊ ಬೇಡವೆನ್ನುವುದಿಲ್ಲ. ಆದರೆ ಅವರ ಮುಂದೆ ನಾನು ಮೊದಲು ಇಡುವುದು ಜಾದೂಗೋಡಾದ ಕಾಗದಗಳನ್ನು.

ಜಾರ್ಖಂಡ್‌ನ ಪೂರ್ವ ಸಿಂಗಭೂಮ್ ಜಿಲ್ಲೆಯ ಈ ಊರಿನ ಸುತ್ತ ಸಂತಾಲ, ಹೋ ಆದಿವಾಸಿಗಳ ಹಳ್ಳಿಗಳಿವೆ. 1967ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಯುರೇನಿಯಂ ಕಾರ್ಪೊರೇಷನ್ ಅಲ್ಲಿ ಅದಿರು ತೆಗೆದು, ಅರೆದು, ಉಳಿದ ಕೆಸರನ್ನು ಪೈಪಿನಲ್ಲಿ ಹರಿಸಿ ಕೊಳಗಳಿಗೆ ತುಂಬುತ್ತದೆ. ಯುರೇನಿಯಂ ತೆಗೆದರೂ ವಿಕಿರಣ ಸೂಸುವ ರೇಡಿಯಂ ಕೆಸರಿನಲ್ಲೇ ಉಳಿಯುತ್ತದೆ. 2006ರ ಡಿಸೆಂಬರಿನಲ್ಲಿ ಆ ಪೈಪು ಒಡೆದು ಕೆಸರು ತೊರೆಗೆ ಸೇರಿತ್ತು.

ಅಲ್ಲಿನ ಜನರ ಆರೋಗ್ಯದ ವಿಷಯ 1999ರಲ್ಲೇ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2004ರಲ್ಲಿ ಅರ್ಜಿ ವಜಾ ಆಯಿತು. ವಿಕಿರಣ ತಡೆಗೆ ಸಾಕಷ್ಟು ಕ್ರಮ ಕೈಗೊಳ್ಳಲಾಗಿದೆ ಎಂದು ಅಣುಶಕ್ತಿ ಆಯೋಗದ ಅಧ್ಯಕ್ಷರು ಸಲ್ಲಿಸಿದ ಅಫಿಡವಿಟ್ಟೇ ಆಧಾರ. ಅಳೆಯುವ ಉಪಕರಣ ಯಾರ ಕೈಯಲ್ಲಿತ್ತೋ ಅವರ ಮಾತೇ ನಿಂತಿತು. 1962ರ ಅಣುಶಕ್ತಿ ಕಾಯ್ದೆ ಮಾಹಿತಿಗೆ ಬೀಗ ಹಾಕಲು ಸರ್ಕಾರಕ್ಕೆ ಅವಕಾಶ ಕೊಟ್ಟಿದ್ದಾಗ ಹಳ್ಳಿಯವರು ಅಂಕಿ ಎಲ್ಲಿಂದ ತರಬೇಕಿತ್ತು?

ತರಲು ಒಂದು ದಾರಿ ಇತ್ತು. 2007ರಲ್ಲಿ ಶಾಂತಿಪರ ವೈದ್ಯರ ಸಂಘಟನೆಯೊಂದು ಸಮೀಕ್ಷೆ ನಡೆಸಿತು. ಗಣಿಯ ಹತ್ತಿರದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆಗಳನ್ನೇ ಸುಮಾರು ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಗಳಲ್ಲೂ ಕೇಳಿತು. ಹುಟ್ಟಿನಿಂದ ಬಂದ ಅಂಗವೈಕಲ್ಯ, ಬಂಜೆತನ, ಕ್ಯಾನ್ಸರ್ ಹತ್ತಿರದ ಹಳ್ಳಿಗಳಲ್ಲಿ ಹೆಚ್ಚು ಕಂಡವು. ವಿಕಿರಣವೇ ಕಾರಣವೆಂದು ಅದೊಂದರಿಂದಲೇ ಸಾಬೀತಾಗುವುದಿಲ್ಲ. ಉತ್ತರ ಕೊಡಲೇಬೇಕಾದ ಪ್ರಶ್ನೆಯಂತೂ ಹುಟ್ಟುತ್ತದೆ. ಆದರೆ ಅಷ್ಟು ಹೊತ್ತಿಗೆ ಅರ್ಜಿ ವಜಾ ಆಗಿ ಮೂರು ವರ್ಷವಾಗಿತ್ತು. 2014ರಲ್ಲಿ ಜಾರ್ಖಂಡ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿದ್ದು ಮಾಧ್ಯಮ ವರದಿ ನೋಡಿ. ಫೋಟೊ ಬಾಗಿಲು ತೆರೆಸುತ್ತದೆ ಎನ್ನುವುದು ನಿಜವೇ.

ನನ್ನ ಕೆಲಸದ ಕ್ರಮ ಬದಲಾಗಿದ್ದು ಜಾದೂಗೋಡಾದ ಈ ಕಡತದಿಂದ. ಕಲ್ಲು ಪುಡಿಮಾಡುವ ಕ್ರಷರ್ ಪಕ್ಕದ ತಾಂಡಾದಿಂದ ಬಂದ ಹೆಂಗಸೊಬ್ಬರು ಮೇಜಿನ ಮೇಲೆ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ ಸುರಿದರು. ಗಂಡನ ಎಕ್ಸ್-ರೇ, ಔಷಧಿ ಚೀಟಿಗಳು, ಸಾಲದ ರಸೀದಿ, ಒಂದು ಮದುವೆ ಕರೆಯೋಲೆ ಕೂಡ. ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದ ಮೇಲೆ, ಕ್ರಷರ್ ಇಲ್ಲದ, ಅದೇ ಊಟ ಅದೇ ಕೂಲಿಯ ಇನ್ನೊಂದು ತಾಂಡಾ ಯಾವುದೆಂದು ಕೇಳಿದೆ. ಅವರಿಗೆ ಸಿಟ್ಟು ಬಂತು. 'ಸಾಯುತ್ತಿರುವವರು ಇಲ್ಲಿದ್ದೇವೆ, ಅವರ ಊರು ಯಾಕೆ ಬೇಕು ನಿಮಗೆ?' ಎದುರು ವಕೀಲರು ಬೀಡಿ, ಹೆಂಡ, ಒಲೆಯ ಹೊಗೆ ಎಂದು ಎದ್ದು ನಿಂತಾಗ, ಬೀಡಿ ಆ ತಾಂಡಾದಲ್ಲೂ ಸೇದುತ್ತಾರೆ ಎನ್ನಲು ಬೇಕು ಎಂದೆ. ತವರಿನ ಹೆಸರು ಹೇಳಿದರು.

ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ನಿಕ್ಷೇಪವಿದೆ. ಅಲ್ಲಿನ ಬಾವಿ ನೀರಿನ, ಹೆರಿಗೆ ದಾಖಲೆಗಳ ಲೆಕ್ಕವನ್ನು ಈಗಲೇ ಬರೆದಿಡಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಇನ್ನು ಕಾಲಮಿತಿ. ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಕಲಮಿನಡಿ ಪರಿಹಾರ ಕೇಳಲು, ಅರ್ಜಿಗೆ ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷ. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನು ಅರವತ್ತು ದಿನ. ಕಲ್ಲಿನ ದೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ಹೊರಬೀಳಲು ಹತ್ತು ವರ್ಷವೂ ಹಿಡಿಯಬಹುದು. ವೈದ್ಯರು ರೋಗದ ಹೆಸರು ಬರೆದ ದಿನದಿಂದ ಎಣಿಸಬೇಕು ಎನ್ನುವುದು ನನ್ನ ವಾದ. ಕೋರ್ಟು ಅಷ್ಟು ಉದಾರವಾಗಿರುತ್ತದೆಂದು ನೆಚ್ಚಬೇಡ, ಮೊದಲ ಕೆಮ್ಮಿನಿಂದಲೇ ಎಣಿಸಿ ಅರ್ಜಿ ಹಾಕು ಎನ್ನುತ್ತಾರೆ ನನ್ನ ಹಿರಿಯರು. ಕರಡು ಬರೆಯುವಾಗ ನಾನು ಅವರ ಲೆಕ್ಕವನ್ನೇ ಹಿಡಿಯುತ್ತೇನೆ, ವಾದ ಮಾತ್ರ ಬಿಟ್ಟಿಲ್ಲ.