ಸಹೃದಯ ಎಂಬ ಪರಿಭಾಷೆ

ಶಿವಮೊಗ್ಗದ ಸಾಹಿತ್ಯ ಸಭೆಗಳ ಕರಪತ್ರಗಳಲ್ಲಿ ‘ಸಹೃದಯರಿಗೆ ಆದರದ ಸ್ವಾಗತ’ ಎಂದು ಅಚ್ಚು ಹಾಕಿಸುವುದು ರೂಢಿ. ಅಲ್ಲಿ ಆ ಮಾತಿಗೆ ಒಳ್ಳೆಯ ಮನಸ್ಸಿನವರು ಎಂಬಷ್ಟೇ ಅರ್ಥ ಉಳಿದಿದೆ. ಕಾವ್ಯಮೀಮಾಂಸೆಯಲ್ಲಾದರೋ ಅದು ಖಚಿತವಾದ ಪಾರಿಭಾಷಿಕ ಪದ, ಆ ಖಚಿತತೆ ಮಸುಕಾಗಬಾರದೆಂಬುದು ನನ್ನ ಆಸೆ.

ಪದ ಬಹಳ ಹಳೆಯದು. ಅಥರ್ವವೇದದ ಮೂರನೆಯ ಕಾಂಡದ ಸೂಕ್ತವೊಂದು, ಮನೆಮಂದಿಯೆಲ್ಲ ದ್ವೇಷವಿಲ್ಲದೆ ಬಾಳಲೆಂದು ಹಾರೈಸುತ್ತ ‘ಸಹೃದಯಂ ಸಾಂಮನಸ್ಯಂ’ ಎನ್ನುತ್ತದೆ. 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಸಹೃದಯರ ಮನಃಪ್ರೀತಿಗಾಗಿ ಧ್ವನಿಯ, ಎಂದರೆ ಮಾತಿನ ನೇರ ಅರ್ಥವನ್ನು ಮೀರಿ ಕಾವ್ಯ ಸೂಚಿಸುವ ಅರ್ಥದ, ಸ್ವರೂಪವನ್ನು ಹೇಳುತ್ತೇನೆಂದು ‘ಧ್ವನ್ಯಾಲೋಕ’ದ ಮೊದಲ ಕಾರಿಕೆಯಲ್ಲಿ ಬರೆಯುವ ಹೊತ್ತಿಗೆ ಅದು ಕಾವ್ಯವನ್ನು ಬಲ್ಲ ಓದುಗನ ಹೆಸರಾಗಿದೆ. ಆ ಪದಕ್ಕೆ ಲಕ್ಷಣ, ಎಂದರೆ ಖಚಿತ ವಿವರಣೆ, ಕೊಟ್ಟವನು ಆ ಗ್ರಂಥದ ವ್ಯಾಖ್ಯಾನಕಾರನಾದ ಅಭಿನವಗುಪ್ತ: ಕಾವ್ಯಗಳನ್ನು ಮತ್ತೆ ಮತ್ತೆ ಓದಿದ ಅಭ್ಯಾಸದಿಂದ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿತವಾದದ್ದರಲ್ಲಿ ತನ್ಮಯರಾಗುವ ಯೋಗ್ಯತೆ ಬಂದಿದೆಯೋ, ಹೃದಯಸಂವಾದವುಳ್ಳ ಅವರೇ ಸಹೃದಯರು.

ಇಲ್ಲಿನ ‘ಸಂವಾದ’ವನ್ನು ಇಂದಿನ ಚರ್ಚೆಯೆಂದು ತಿಳಿದರೆ ಲಕ್ಷಣವೇ ಕೈತಪ್ಪುತ್ತದೆ. ಭರತನ ನಾಟ್ಯಶಾಸ್ತ್ರದ ಸಂಗೀತಭಾಗದಲ್ಲಿ 9 ಅಥವಾ 13 ಶ್ರುತಿಗಳ (ಸ್ವರಗಳ ನಡುವಣ ದೂರವನ್ನು ಅಳೆಯುವ ಸೂಕ್ಷ್ಮ ಮಾನಗಳ) ಅಂತರದ ಸ್ವರಗಳು ಪರಸ್ಪರ ಸಂವಾದಿಗಳು. ಷಡ್ಜವೂ ಪಂಚಮವೂ ಬೇರೆಬೇರೆಯಾಗಿದ್ದೇ ಕೂಡಿ ನುಡಿಯುತ್ತವೆ. ಕವಿಗೂ ಓದುಗನಿಗೂ ಇರುವ ನಂಟನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಅದೇ ಗ್ರಂಥದ ಭಾವಾಧ್ಯಾಯವು, ಹೃದಯಕ್ಕೆ ಸಂವಾದಿಯಾದ ಅರ್ಥದಿಂದ ಹುಟ್ಟಿದ ಭಾವವು ಒಣ ಕಟ್ಟಿಗೆಯನ್ನು ಬೆಂಕಿ ವ್ಯಾಪಿಸುವಂತೆ ಶರೀರವನ್ನು ವ್ಯಾಪಿಸುತ್ತದೆ ಎನ್ನುತ್ತದೆ. ಮಳೆ ಹಿಡಿಯುವ ಮೊದಲೇ ಸೌದೆ ಕೊಟ್ಟಿಗೆ ತುಂಬಿಸಿಕೊಳ್ಳುವ ಮಲೆನಾಡಿನವರಿಗೆ ಇಲ್ಲಿ ‘ಒಣ’ ಎಂಬ ವಿಶೇಷಣದ ತೂಕ ಬೇಗ ಹೊಳೆದೀತು: ಹಸಿ ಸೌದೆಗೆ ಎಷ್ಟು ಊದಿದರೂ ಹೊಗೆಯೇ ಹೊರತು ಉರಿಯಿಲ್ಲ, ಬೇಸಿಗೆಯಲ್ಲೇ ಒಣಗಿಸಿಡಬೇಕು. ಅಭಿನವಗುಪ್ತ ಹೇಳುವ ಅಭ್ಯಾಸವನ್ನು ನಾನು ಈ ಒಣಗಿಸುವ ಕೆಲಸವೆಂದೇ ಓದುತ್ತೇನೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ರಂಗಸಂಸ್ಥೆ ನೀನಾಸಂ, ಕೆ. ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದ್ದನ್ನೂ ಈ ಲಕ್ಷಣದ ಬೆಳಕಿನಲ್ಲೇ ನೋಡಬೇಕೆನಿಸುತ್ತದೆ. ರಸವನ್ನು ಸವಿಯುವ ಶಕ್ತಿ ಹುಟ್ಟಿನಿಂದ ಕೆಲವರಿಗಷ್ಟೇ ದಕ್ಕಿದ್ದೆಂದು ಒಪ್ಪಿಕೊಂಡಿದ್ದರೆ, ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ ಜಗತ್ತಿನ ಚಿತ್ರಗಳನ್ನು ತೋರಿಸಿ, ಅವುಗಳನ್ನು ನೋಡುವ ಬಗೆಯನ್ನೂ ಕಲಿಸುವ ಶ್ರಮವನ್ನು ಯಾರೂ ಕೈಗೊಳ್ಳುತ್ತಿರಲಿಲ್ಲ.