ಘಾಟಿ ಹತ್ತಿಳಿಯುವ ವ್ಯಾನಿನ ಬಚ್ಚಲಿಗೆ ಹೊಸ ಸಿಲಿಕೋನ್

ಮನೆಯ ಬಚ್ಚಲು ಇದ್ದಲ್ಲೇ ಇರುತ್ತದೆ. ಕ್ಯಾಂಪರ್ ವ್ಯಾನಿನ, ಅಂದರೆ ಒಳಗೇ ವಾಸ ಮಾಡುವಂಥ ಗಾಡಿಯ, ಬಚ್ಚಲಿಗೆ ಆ ಭಾಗ್ಯವಿಲ್ಲ. ಆಗುಂಬೆಯ ಒಂದೊಂದು ತಿರುವಿನಲ್ಲೂ ಗಾಡಿಯ ಮೈ ತಿರುಚಿಕೊಂಡು, ಗೋಡೆ ಒಂದು ಕಡೆ, ಕಾಲಡಿಯ ಟ್ರೇ ಇನ್ನೊಂದು ಕಡೆ ಜಗ್ಗುತ್ತವೆ. ನಿಂತು ಸ್ನಾನ ಮಾಡಿದಾಗೆಲ್ಲ ಟ್ರೇ ಕುಸಿದು ಏಳುತ್ತದೆ. ಸಂದಿ ಮುಚ್ಚುವ ರಬ್ಬರಿನಂಥ ಅಂಟು, ಅಂದರೆ ಸಿಲಿಕೋನ್, ಬಿಟ್ಟುಕೊಳ್ಳುವುದು ಇದರಿಂದಲೇ. ಹಳೆಯದರ ಮೇಲೆ ಇನ್ನೊಂದು ಪಟ್ಟಿ ಎಳೆದರೆ ದುಡ್ಡು ದಂಡ. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನೂ ಸರಿಯಾಗಿ ಹಿಡಿಯುವುದಿಲ್ಲ.

ಮೊದಲು ಸೋರುವುದು ಎಲ್ಲಿ ಅಂತ ಗೊತ್ತಾಗಲಿ. ನೀರಿನ ಪಂಪ್ ಆಫ್ ಮಾಡಿ, ಡ್ರೈನ್ ಮುಚ್ಚಿ, ಸಂದಿಗೆ ತಾಗದ ಹಾಗೆ ಟ್ರೇಯಲ್ಲಿ ಒಂದು ಇಂಚು ನೀರು ನಿಲ್ಲಿಸಿ. ಗಂಟೆಯಲ್ಲಿ ಅಡಿಭಾಗ ಒದ್ದೆಯಾದರೆ ಟ್ರೇ ಸೀಳಿದೆ, ಇಲ್ಲವೇ ಡ್ರೈನಿನ ವಾಷರ್ ಹೋಗಿದೆ. ಒಣಗಿಯೇ ಇದ್ದರೆ ನಲ್ಲಿ ಬಿಡದೆ ಪಂಪ್ ಮಾತ್ರ ಹಾಕಿ. ಈಗ ಒದ್ದೆಯಾದರೆ ಪೈಪಿನ ದೋಷ. ಅದೂ ಅಲ್ಲವೆಂದರೆ ಚೊಂಬಿನಲ್ಲಿ ಸಂದಿಗೆ ನೀರು ಹುಯ್ಯಿರಿ, ಆಗ ಸೋರಿದರೆ ಬಿಟ್ಟಿರುವುದು ಸಿಲಿಕೋನೇ.

ಅಂಗಡಿಯಲ್ಲಿ ಸುಮ್ಮನೆ ಸಿಲಿಕೋನ್ ಕೇಳಿದರೆ ಹೆಚ್ಚಾಗಿ ಸಿಗುವುದು ವಿನೆಗರ್ ವಾಸನೆಯದು. ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ಸ್ಕ್ರೂ, ತಗಡಿಗೆ ತುಕ್ಕು ಹಿಡಿಸುತ್ತದೆ. 'ನ್ಯೂಟ್ರಲ್' ಎಂದು ಬರೆದಿರುವ, ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕೋನನ್ನೇ ಕೇಳಿ. 75×60 ಸೆಂ.ಮೀ. ಟ್ರೇಯ ಸುತ್ತ 2.7 ಮೀಟರ್, 1.9 ಮೀಟರ್ ಎತ್ತರದ ಗೋಡೆಯ ಎರಡು ಮೂಲೆ ಸೇರಿ 6.5 ಮೀಟರ್. 6 ಮಿ.ಮೀ. ಅಗಲ, ಅಷ್ಟೇ ಆಳವೆಂದರೆ ಮೀಟರಿಗೆ 36 ಮಿ.ಲೀ. ಬೇಕು. 280 ಮಿ.ಲೀ.ಯ ಒಂದು ಟ್ಯೂಬ್ ಲೆಕ್ಕಕ್ಕೆ ಸಾಕು, ಕೈತಪ್ಪಿಗೆ ಸಾಲದು, ಎರಡು ತನ್ನಿ.

ಹಳೆಯದನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಥಿನ್ನರ್, ಪೆಟ್ರೋಲ್ ಬೇಡ, ಎಬಿಎಸ್ ಮತ್ತು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕುಗಳ ಟ್ರೇಗಳಲ್ಲಿ ಕೂದಲೆಳೆ ಬಿರುಕು ಬರುತ್ತದೆ. ಬೂಷ್ಟಿಗೆ ಬ್ಲೀಚ್ ಹಾಕಿದರೆ ಚೆನ್ನಾಗಿ ತೊಳೆಯಿರಿ. ಅದರ ಜೊತೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಿದರೆ ವಿಷಗಾಳಿ ಏಳುತ್ತದೆ. ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಮೊಬೈಲ್ ರಿಪೇರಿಯವರು ಬಳಸುವುದೂ ಅದನ್ನೇ.

ಮಲೆನಾಡಿನಲ್ಲಿ ಕಷ್ಟವಿರುವುದು ಒಣಗಿಸುವುದರಲ್ಲಿ. ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಆಷಾಢದ ಮಳೆ ಅದಕ್ಕೆ ಅಡ್ಡಿಯಲ್ಲ. ಆದರೆ ಗೋಡೆಯ ಹಿಂದಿನ ಪ್ಲೈವುಡ್ ನೀರು ಕುಡಿದಿದ್ದರೆ, ಮೇಲೆ ಮುಚ್ಚಿಬಿಟ್ಟಾಗ ಒಳಗೊಳಗೇ ಕೊಳೆಯುತ್ತದೆ. ಫ್ಯಾನ್ ಹಾಕಿ ಎರಡು ಮೂರು ದಿನ ಬಿಡಿ. ಸ್ಕ್ರೂ ಡ್ರೈವರಿನ ತುದಿ ಪ್ಲೈವುಡ್ಡಿನೊಳಗೆ ಸಲೀಸಾಗಿ ಇಳಿದರೆ ಅಷ್ಟು ಭಾಗ ಕತ್ತರಿಸಿ ಬದಲಿಸಬೇಕು.

ಸಂದಿ 5 ಮಿ.ಮೀ.ಗಿಂತ ಅಗಲವಿದ್ದರೆ ಒಳಗೆ ಅದಕ್ಕಿಂತ ತುಸು ದಪ್ಪದ ಫೋಮ್ ಹುರಿ, ಅಂದರೆ ಬ್ಯಾಕರ್ ರಾಡ್, ಒತ್ತಿ ಕೂರಿಸಿ. ಸಿಲಿಕೋನ್ ಎರಡು ಬದಿಗಷ್ಟೇ ಅಂಟಿದರೆ ರಬ್ಬರಿನಂತೆ ಹಿಗ್ಗುತ್ತದೆ. ತಳಕ್ಕೂ ಅಂಟಿದರೆ ಹಿಗ್ಗಲು ಜಾಗವಿಲ್ಲದೆ ಸೀಳುತ್ತದೆ.

ಸಿಲಿಕೋನ್ ಎಳೆಯುವ ಮೊದಲು 20 ಲೀಟರಿನ ಎರಡು ತುಂಬಿದ ಕ್ಯಾನ್ ಟ್ರೇಯಲ್ಲಿಡಿ. ಈ 40 ಕೆ.ಜಿ.ಗೆ ಸಂದಿ ಬಾಯಿ ತೆರೆಯುತ್ತದೆ, ತುಂಬಬೇಕಾದ್ದು ಹಾಗಿರುವಾಗ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಒಂದೇ ಎಳೆತದಲ್ಲಿ ತುಂಬಿ, ಬೆರಳಿನಿಂದ ಸವರಿ, ಕೆನೆ ಕಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ಮಳೆಗಾಲದಲ್ಲಿ ಕೆನೆ ಬೇಗ ಕಟ್ಟುತ್ತದೆ, ಒಂದು ಸಲಕ್ಕೆ ಟ್ರೇಯ ಒಂದು ಬದಿ ಸಾಕು. ಸೋಪಿನ ನೀರಿನಲ್ಲಿ ಬೆರಳು ಅದ್ದುವವರು ಇನ್ನೂ ತುಂಬದ ಸಂದಿಗೆ ಆ ನೀರು ತಾಗದಂತೆ ನೋಡಿಕೊಳ್ಳಬೇಕು.

ಬಾಗಿಲಿನ ಅಲ್ಯೂಮಿನಿಯಂ ಚೌಕಟ್ಟಿಗೆ ಸಿಲಿಕೋನ್ ಹೊರಗಡೆಯಿಂದ ಮಾತ್ರ. ಚೌಕಟ್ಟಿನೊಳಗೆ ಸೇರಿದ ನೀರು ಟ್ರೇಗೇ ಮರಳಬೇಕು. ಒಳಬದಿಯನ್ನೂ ಮುಚ್ಚಿದರೆ ಅದು ಹೊರಗಿನ ನೆಲಕ್ಕೆ ದಾರಿ ಹುಡುಕುತ್ತದೆ.

ದಿನಕ್ಕೆ 2-3 ಮಿ.ಮೀ. ಆಳ ಗಟ್ಟಿಯಾಗುತ್ತದೆ. ಮೂರು ದಿನ ಕ್ಯಾನ್ ತೆಗೆಯಬೇಡಿ, ಗಾಡಿ ಕದಲಿಸಬೇಡಿ. ಮೊದಲ ಘಾಟಿ ಇಳಿದ ಮೇಲೆ ಟ್ರೇಯ ನಾಲ್ಕು ಮೂಲೆ ಬೆರಳಿನಲ್ಲಿ ಒತ್ತಿ ನೋಡಿ, ಬಿಡುವುದಾದರೆ ಮೊದಲು ಬಿಡುವುದು ಅಲ್ಲೇ.